ಎಡಿಟಿಂಗ್ ಕಂಪ್ಯೂಟರ್ ಕೊಳ್ಳೋಕೆ ಹೊರಟವರಿಗೆ: ನಮ್ಮ ರ‍್ಯಾಮ್ ಯಾರ ಪಾಲಾಯ್ತು?

‘ಅಣ್ಣಾ, ಐವತ್ತು ಸಾವಿರದೊಳಗೆ ಎಡಿಟಿಂಗ್‌ಗೆ ಯಾವ ಕಂಪ್ಯೂಟರ್ ತಗೊಳ್ಳಲಿ?’ ವಾರಕ್ಕೊಂದಾದರೂ ಇಂಥ ಮೆಸೇಜ್ ನನಗೆ ಬರುತ್ತೆ. ಕೇಳೋರು ಮದುವೆ ವಿಡಿಯೊ ಮಾಡೋರಲ್ಲ, ಗೇಮ್ ಆಡೋರೂ ಅಲ್ಲ. ತಾಲ್ಲೂಕು ಕಚೇರಿ ಮುಂದಿನ ಧರಣಿ, ಹಾಸ್ಟೆಲ್ ಊಟದ ಗೋಳು, ಪೌರಕಾರ್ಮಿಕರ ಬಾಕಿ ಸಂಬಳ, ಕೆರೆ ಒತ್ತುವರಿ, ಇಂಥದ್ದನ್ನೆಲ್ಲ ಮೊಬೈಲ್‌ನಲ್ಲಿ ಶೂಟ್ ಮಾಡಿ ಯೂಟ್ಯೂಬ್‌ಗೆ ಹಾಕುವ ಹುಡುಗ ಹುಡುಗಿಯರು ಇವರು. ಒಂದು ಕಾಲಕ್ಕೆ ಚಳವಳಿಗೆ ಕರಪತ್ರ ಬೇಕು ಅಂದ್ರೆ ಅಚ್ಚಿನ ಮನೆ ಹುಡುಕಬೇಕಿತ್ತು. ಆಮೇಲೆ ಸೈಕ್ಲೋಸ್ಟೈಲ್ ಮೆಷಿನ್ ಬಂತು, ಜೆರಾಕ್ಸ್ ಬಂತು. ಇವತ್ತು ಆ ಜಾಗದಲ್ಲಿ ಕೂತಿರೋದು ವಿಡಿಯೊ ಎಡಿಟ್ ಮಾಡಬಲ್ಲ ಒಂದು ಕಂಪ್ಯೂಟರ್. ಹಾಗಾಗಿ ಅದರ ಬೆಲೆ ಎಷ್ಟು, ಅದನ್ನ ಯಾರು ಕೊಳ್ಳೋಕಾಗುತ್ತೆ ಅನ್ನೋದನ್ನ ಬರೀ ‘ಟೆಕ್’ ವಿಭಾಗದ ಸುದ್ದಿ ಅಂತ ನಾನು ನೋಡಲ್ಲ.

ಅಂಗಡಿಯವರು, ಯೂಟ್ಯೂಬ್ ರಿವ್ಯೂದವರು ನಮಗೆ ಮಾರೋದು ವೇಗ. ನಮಗೆ ನಿಜವಾಗಿ ಬೇಕಿರೋದು ನೆನಪು. ಕೆಲಸ ಮಾಡುವಾಗ ಬೇಕಾಗುವ ನೆನಪು ರ‍್ಯಾಮ್. ಕೆಲಸ ಮುಗಿದ ಮೇಲೂ ವರ್ಷಗಟ್ಟಲೆ ಬೇಕಾಗುವ ನೆನಪು ಹಾರ್ಡ್ ಡಿಸ್ಕ್. ಎಐ ಕಂಪನಿಗಳ ಹಸಿವು ಈಗ ದುಬಾರಿ ಮಾಡ್ತಿರೋದು ಸರಿಯಾಗಿ ಇವೆರಡನ್ನೇ. ಬಜೆಟ್ ಚಿಕ್ಕದಿರೋ ಎಡಿಟರ್‌ನ ಇವತ್ತಿನ ಕಷ್ಟ ಪೂರ್ತಿ ಅಡಗಿರೋದು ಇಲ್ಲೇ.

ಮೊದಲು ವೇಗದ ಮಾತು ಮುಗಿಸಿಬಿಡೋಣ. ಐವತ್ತು, ಅರವತ್ತು ಸಾವಿರ ಹಿಡಿದು ಅಂಗಡಿಗೆ ಹೋದರೆ ತೋರಿಸೋದು ಗೇಮಿಂಗ್ ಲ್ಯಾಪ್‌ಟಾಪ್. ಕೀಬೋರ್ಡ್ ಕೆಳಗೆ ದೀಪಾವಳಿ ಸೀರಿಯಲ್ ಸೆಟ್ ಥರ ಬಣ್ಣದ ಲೈಟು, ಒಳಗೆ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡು, ಜೊತೆಗೆ 8 ಜಿಬಿ ರ‍್ಯಾಮು. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಹಾಗೆ. ಗ್ರಾಫಿಕ್ಸ್ ಕಾರ್ಡಿಗೆ ಕೆಲಸ ಇಲ್ಲ ಅಂತಲ್ಲ. ಕಲರ್ ಗ್ರೇಡಿಂಗ್, ಭಾರದ ಎಫೆಕ್ಟ್‌ಗಳು, ನಾಯ್ಸ್ ತೆಗೆಯೋದು, ಇಲ್ಲೆಲ್ಲ ಅದು ಬೇಕು. ಆದರೆ ನಮ್ಮ ವಿಡಿಯೊಗಳಲ್ಲಿ ಇರೋದೇನು? ಮಾತಾಡುವ ಮನುಷ್ಯರು, ಮಧ್ಯೆ ಒಂದಿಷ್ಟು ದೃಶ್ಯಗಳು, ಕೆಳಗೆ ಹೆಸರು, ಸಬ್‌ಟೈಟಲ್. ಇದರಲ್ಲಿ ಕಂಪ್ಯೂಟರ್ ಸುಸ್ತಾಗೋದು ಬೇರೆ ಕಡೆ.

ಫೋನ್ ವಿಡಿಯೊವನ್ನ ಪೂರ್ತಿ ಪೂರ್ತಿ ಉಳಿಸಲ್ಲ. ಅಷ್ಟು ಜಾಗ ಅದರಲ್ಲಿ ಇಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಪೂರ್ಣ ಚಿತ್ರ ಇಟ್ಟುಕೊಂಡು, ಮಧ್ಯದ ಚಿತ್ರಗಳಿಗೆ ‘ಹಿಂದಿನದಕ್ಕಿಂತ ಇಷ್ಟು ಬದಲಾಗಿದೆ’ ಅಂತ ಟಿಪ್ಪಣಿ ಮಾತ್ರ ಬರೆದಿಡುತ್ತೆ. ಎಚ್.264, ಎಚ್ಇವಿಸಿ ಅಂತೆಲ್ಲ ಹೇಳೋದು ಇಂಥ ಪದ್ಧತಿಗಳಿಗೇ. ಸುಮ್ಮನೆ ನೋಡೋಕೆ ಇದು ಸಲೀಸು. ಎಡಿಟ್ ಮಾಡುವಾಗ ನೀವು ಹಿಂದೆ ಹೋಗ್ತೀರಿ, ಮುಂದೆ ಹಾರ್ತೀರಿ, ನಡುವೆ ಕತ್ತರಿಸ್ತೀರಿ. ಪ್ರತಿ ಸಲ ಕಂಪ್ಯೂಟರ್ ಹತ್ತಿರದ ಪೂರ್ಣ ಚಿತ್ರ ಹುಡುಕಿ, ಅಲ್ಲಿಂದ ಟಿಪ್ಪಣಿಗಳನ್ನೆಲ್ಲ ಬಿಡಿಸಿಕೊಂಡು ಬರಬೇಕು. ಟೈಮ್‌ಲೈನ್ ತಡವರಿಸೋದು ಇದಕ್ಕೆ. ಈ ಗಂಟು ಬಿಚ್ಚೋ ಕೆಲಸಕ್ಕೆ ಅಂತಲೇ ಚಿಪ್‌ನ ಒಂದು ಮೂಲೆಯಲ್ಲಿ ಪ್ರತ್ಯೇಕ ಭಾಗ ಇರುತ್ತೆ. ಇಂಟೆಲ್ ಅದನ್ನ ಕ್ವಿಕ್ ಸಿಂಕ್ ಅಂತ ಕರೆಯುತ್ತೆ. ಅದು ಇರೋದು ಪ್ರೊಸೆಸರ್ ಒಳಗಿನ ಸಾಧಾರಣ ಗ್ರಾಫಿಕ್ಸ್‌ನಲ್ಲಿ. 2017-18ರಲ್ಲಿ ಬಂದ ಎಂಟನೇ ತಲೆಮಾರಿನ ಇಂಟೆಲ್ ಚಿಪ್‌ಗೂ ಈಗಿನ ಫೋನುಗಳ 10 ಬಿಟ್ ಎಚ್ಇವಿಸಿ ವಿಡಿಯೊ ಬಿಚ್ಚೋದು ಗೊತ್ತು.

ಇಲ್ಲೊಂದು ಬಲೆ ಇದೆ. ಜೋಡಿಸಿಕೊಡುವ ಡೆಸ್ಕ್‌ಟಾಪ್‌ಗಳಲ್ಲಿ ‘ಐ5-12400ಎಫ್’ ಅಂತ ಹೆಸರಿನ ಕೊನೆಯಲ್ಲಿ ಎಫ್ ಅಕ್ಷರ ಇರುವ ಪ್ರೊಸೆಸರ್ ಹಾಕ್ತಾರೆ. ಅದು ಸ್ವಲ್ಪ ಅಗ್ಗ. ಎಫ್ ಅಂದ್ರೆ ಒಳಗಿನ ಗ್ರಾಫಿಕ್ಸ್ ಇಲ್ಲ ಅಂತ ಅರ್ಥ, ಅಂದ್ರೆ ಕ್ವಿಕ್ ಸಿಂಕ್ ಕೂಡ ಇಲ್ಲ. ಗೇಮ್ ಆಡೋನಿಗೆ ಅದರಿಂದ ನಷ್ಟ ಏನಿಲ್ಲ. ಪ್ರೀಮಿಯರ್ ಪ್ರೊನಲ್ಲಿ ಫೋನ್ ವಿಡಿಯೊ ಕತ್ತರಿಸೋನಿಗೆ ಇದೆ. ಉಳಿಯೋ ಸಾವಿರ, ಎರಡು ಸಾವಿರಕ್ಕೋಸ್ಕರ ಬಡ ಎಡಿಟರ್ ಕಳಕೊಳ್ಳೋದು ತನಗೆ ಅತಿ ಹೆಚ್ಚು ಬೇಕಾದ ಭಾಗವನ್ನೇ.

ಇನ್ನು ಪ್ರಾಕ್ಸಿ. ಇದನ್ನ ಕಲಿಯದೆ ಹೊಸ ಮೆಷಿನ್ ಕೊಳ್ಳೋಕೆ ಹೋಗಬೇಡಿ ಅಂತಲೇ ನಾನು ಎಲ್ಲರಿಗೂ ಹೇಳೋದು. ದೊಡ್ಡ ವಿಡಿಯೊದ ಒಂದು ಚಿಕ್ಕ, ಹಗುರ ನಕಲನ್ನ ಸಾಫ್ಟ್‌ವೇರೇ ಮಾಡಿಕೊಡುತ್ತೆ. ನೀವು ಎಡಿಟ್ ಮಾಡೋದು ಆ ನಕಲಿನ ಮೇಲೆ. ಕೊನೆಗೆ ಎಕ್ಸ್‌ಪೋರ್ಟ್ ಮಾಡುವಾಗ ಅದು ತಾನೇ ಅಸಲಿಗೆ ಹೋಗಿ ಕೆಲಸ ಮುಗಿಸುತ್ತೆ. ಪ್ರೀಮಿಯರ್, ಡಾವಿಂಚಿ ರಿಸಾಲ್ವ್, ಬಿಟ್ಟಿ ಸಿಗುವ ಕೆಡೆನ್‌ಲೈವ್, ಎಲ್ಲದರಲ್ಲೂ ಈ ಸೌಲಭ್ಯ ಇದೆ. ರಾತ್ರಿ ಮಲಗೋ ಮುಂಚೆ ಪ್ರಾಕ್ಸಿ ಹಾಕಿಟ್ಟರೆ ಬೆಳಿಗ್ಗೆ ಹಳೇ ಆಫೀಸ್ ಕಂಪ್ಯೂಟರಿನಲ್ಲೂ 4ಕೆ ವಿಡಿಯೊ ಓಡುತ್ತೆ. ನಿಧಾನ ಹೌದು. ಆದರೆ ಆಗುತ್ತೆ. ರಿವ್ಯೂಗಳಲ್ಲಿ ಇದರ ಮಾತು ಯಾಕೆ ಕಡಿಮೆ ಅಂತ ಕೇಳಿದರೆ ಉತ್ತರ ಸುಲಭ: ಪ್ರಾಕ್ಸಿ ಗೊತ್ತಿರೋನು ಹೊಸ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲ್ಲ.

ಅಂದ್ರೆ ವೇಗದ ಕೊರತೆಯನ್ನ ತಾಳ್ಮೆಯಿಂದ ತುಂಬಿಕೊಳ್ಳಬಹುದು. ರ‍್ಯಾಮ್ ಕೊರತೆಯನ್ನ ಹಾಗೆ ತುಂಬೋಕಾಗಲ್ಲ. ಎಡಿಟಿಂಗ್ ಸಾಫ್ಟ್‌ವೇರು, ಪಕ್ಕದಲ್ಲಿ ಬ್ರೌಸರ್‌ನ ಹತ್ತು ಟ್ಯಾಬು, ಸ್ಕ್ರಿಪ್ಟ್ ಇರೋ ಫೈಲು, ವಾಟ್ಸಾಪ್, ಇಷ್ಟು ತೆರೆದರೆ 8 ಜಿಬಿ ಉಸಿರುಗಟ್ಟುತ್ತೆ. ಸಾಫ್ಟ್‌ವೇರ್ ಸೇವ್ ಮಾಡದೆ ಮುಚ್ಚಿಕೊಳ್ಳುತ್ತೆ. 16 ಜಿಬಿ ಕನಿಷ್ಠ, 32 ಇದ್ದರೆ ನೆಮ್ಮದಿ. ವರ್ಷದ ಹಿಂದೆ ಈ ಸಲಹೆ ಕೊಡೋಕೆ ಯೋಚನೆ ಮಾಡಬೇಕಿರಲಿಲ್ಲ. ಕಂಪ್ಯೂಟರಿನಲ್ಲಿ ಅತಿ ಅಗ್ಗದ ಸುಧಾರಣೆ ಅಂದ್ರೆ ಇನ್ನೊಂದು ರ‍್ಯಾಮ್ ಕಡ್ಡಿ ಹಾಕಿಸೋದು ಅನ್ನೋ ಕಾಲ ಅದು. 2025ರ ಕೊನೆಯ ತಿಂಗಳುಗಳಲ್ಲಿ ಅದು ತಲೆಕೆಳಗಾಯ್ತು. ಚಿಲ್ಲರೆ ಅಂಗಡಿಯಲ್ಲಿ ರ‍್ಯಾಮ್ ಬೆಲೆ ಎರಡು ಪಟ್ಟು ದಾಟಿತು. ಅಂಗಡಿಯವರು ಬೆಳಿಗ್ಗೆ ಹೇಳಿದ ರೇಟು ಸಂಜೆಗೆ ಇಲ್ಲ ಅನ್ನೋ ಸ್ಥಿತಿ ಬಂತು.

ರ‍್ಯಾಮ್ ಎಲ್ಲಿಗೆ ಹೋಯ್ತು?

ಜಗತ್ತಿನ ರ‍್ಯಾಮ್ ಚಿಪ್‌ಗಳ ಬಹುಪಾಲು ಮಾಡೋದು ಮೂರೇ ಕಂಪನಿಗಳು. ದಕ್ಷಿಣ ಕೊರಿಯಾದ ಸ್ಯಾಮ್‌ಸಂಗ್ ಮತ್ತು ಎಸ್‌ಕೆ ಹೈನಿಕ್ಸ್, ಅಮೆರಿಕದ ಮೈಕ್ರಾನ್. ಎಐ ಸರ್ವರ್‌ಗಳಿಗೆ ಎಚ್‌ಬಿಎಂ ಅನ್ನೋ ಬೇರೆ ಬಗೆಯ ಮೆಮೊರಿ ಬೇಕು. ಅದೂ ತಯಾರಾಗೋದು ಇದೇ ಕಾರ್ಖಾನೆಗಳಲ್ಲಿ, ಇದೇ ಸಿಲಿಕಾನ್ ಬಿಲ್ಲೆಗಳಿಂದ. ಮೈಕ್ರಾನ್ ತಾನೇ ಹೇಳಿರೋ ಲೆಕ್ಕದ ಪ್ರಕಾರ, ಅಷ್ಟೇ ಪ್ರಮಾಣದ ಮಾಮೂಲಿ ಡಿಡಿಆರ್5 ಮೆಮೊರಿಗೆ ಹೋಲಿಸಿದರೆ ಎಚ್‌ಬಿಎಂ ಸುಮಾರು ಮೂರು ಪಟ್ಟು ಬಿಲ್ಲೆ ತಿನ್ನುತ್ತೆ. ಲಾಭವೂ ಅದರಲ್ಲೇ ಹೆಚ್ಚು. 2025ರ ಅಕ್ಟೋಬರ್ 1ರಂದು ಓಪನ್‌ಎಐ ಕಂಪನಿ ಸ್ಯಾಮ್‌ಸಂಗ್ ಮತ್ತು ಹೈನಿಕ್ಸ್ ಜೊತೆ ತಿಂಗಳಿಗೆ 9 ಲಕ್ಷ ಬಿಲ್ಲೆಗಳವರೆಗೆ ಗುರಿ ಇಟ್ಟುಕೊಂಡು ಒಡಂಬಡಿಕೆ ಪ್ರಕಟಿಸಿತು. ಒಂದೇ ಕಂಪನಿ, ತಿಂಗಳಿಗೆ 9 ಲಕ್ಷ. ದುಡ್ಡಿದ್ದವನೇ ದೊಡ್ಡಪ್ಪ ಅನ್ನೋದನ್ನ ಕೈಗಾರಿಕಾ ಭಾಷೆಯಲ್ಲಿ ಬರೆದರೆ ಹೀಗೇ ಇರುತ್ತೆ.

ಅದಾಗಿ ಎರಡು ತಿಂಗಳಿಗೆ, ಡಿಸೆಂಬರ್ 3ರಂದು, ಮೈಕ್ರಾನ್ ತನ್ನ ‘ಕ್ರೂಷಿಯಲ್’ ಬ್ರ್ಯಾಂಡಿನ ಗ್ರಾಹಕ ವ್ಯಾಪಾರ ನಿಲ್ಲಿಸ್ತೀವಿ ಅಂತ ಘೋಷಿಸಿತು. ಹೆಸರು ಕೇಳಿದ್ದೀರಿ. ಹಳೇ ಲ್ಯಾಪ್‌ಟಾಪ್ ಬಿಚ್ಚಿ ರ‍್ಯಾಮ್ ಹಾಕಿಸಿದವರ, ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಕೂರಿಸಿದವರ ಪೈಕಿ ಸುಮಾರು ಜನ ಹಾಕಿಸಿದ್ದು ಇದನ್ನೇ. ಸುಮಾರು ಮೂರು ದಶಕದ ಬ್ರ್ಯಾಂಡು. ಕಾರಣವನ್ನ ಕಂಪನಿ ಮುಚ್ಚುಮರೆ ಇಲ್ಲದೆ ಹೇಳಿತು: ಡೇಟಾ ಸೆಂಟರ್‌ಗಳ ಬೇಡಿಕೆ, ದೊಡ್ಡ ಗಿರಾಕಿಗಳಿಗೆ ಪೂರೈಕೆ.

ಇದರಲ್ಲಿ ನಮಗೇನು ಅಂತ ಕೇಳಬಹುದು. ಇದೇ ಮೈಕ್ರಾನ್‌ಗೆ ಗುಜರಾತಿನ ಸಾನಂದ್‌ನಲ್ಲಿ ಮೆಮೊರಿ ಚಿಪ್ ಜೋಡಣೆ ಮತ್ತು ಪರೀಕ್ಷೆಯ ಘಟಕ ಇದೆ. 2023ರ ಜೂನ್‌ನಲ್ಲಿ ಪ್ರಧಾನಿಯ ಅಮೆರಿಕ ಭೇಟಿ ಹೊತ್ತಿಗೆ ಘೋಷಣೆಯಾದ ಯೋಜನೆ ಅದು. ಒಟ್ಟು ವೆಚ್ಚ 275 ಕೋಟಿ ಡಾಲರ್. ಅದರಲ್ಲಿ ಅರ್ಧ ಕೇಂದ್ರ ಸರ್ಕಾರದ್ದು, ಐದರಲ್ಲೊಂದು ಭಾಗ ಗುಜರಾತ್ ಸರ್ಕಾರದ್ದು. ಕಂಪನಿ ತನ್ನ ಜೇಬಿನಿಂದ ಹಾಕೋದು ಹೆಚ್ಚೆಂದರೆ 82.5 ಕೋಟಿ ಡಾಲರ್. ಅಂದ್ರೆ ನೂರಕ್ಕೆ ಎಪ್ಪತ್ತು ರೂಪಾಯಿ ಸಾರ್ವಜನಿಕರ ದುಡ್ಡು. ಆ ಘಟಕದಿಂದ ಬರೋ ಚಿಪ್ಪು ನೇರವಾಗಿ ನಮ್ಮ ಊರಿನ ಅಂಗಡಿಗೆ ಬರಲ್ಲ, ಕಂಪನಿಯ ಜಾಗತಿಕ ಸರಪಳಿಗೆ ಹೋಗುತ್ತೆ, ಸರಿ. ಸೆಮಿಕಂಡಕ್ಟರ್ ಉದ್ಯಮ ದೇಶಕ್ಕೆ ಬೇಡ ಅಂತ ನಾನು ವಾದಿಸ್ತಾನೂ ಇಲ್ಲ. ಆದರೆ ಎಪ್ಪತ್ತು ಪಾಲು ಕೊಟ್ಟವರು ಬಾಗಿಲ ಹೊರಗೆ ನಿಂತಿರುವಾಗ, ‘ಸಾಮಾನ್ಯ ಕೊಳ್ಳುಗನಿಗೆ ಇದರಲ್ಲಿ ಪಾಲೇನು’ ಅಂತ ಕೇಳೋದರಲ್ಲಿ ತಪ್ಪೇನಿದೆ? ಕರ್ನಾಟಕದಲ್ಲಿ ಈ ವಿಷಯ ಚರ್ಚೆಯಾದಾಗಲೆಲ್ಲ ಜಗಳ ನಡೆಯೋದು ಕಾರ್ಖಾನೆ ಗುಜರಾತಿಗೆ ಹೋಯ್ತಾ, ಅಸ್ಸಾಮಿಗೆ ಹೋಯ್ತಾ, ನಮಗೆ ಯಾಕೆ ಬರಲಿಲ್ಲ ಅನ್ನೋದರ ಮೇಲೆ. ಕೊಳ್ಳೋನ ಮಾತು ಎರಡೂ ಪಕ್ಷದವರ ಬಾಯಲ್ಲಿ ಬರಲ್ಲ.

ತೆರಿಗೆಯದ್ದೂ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಬದಲಾಯ್ತು, ‘ಉಳಿತಾಯದ ಹಬ್ಬ’ ಅಂತ ಜಾಹೀರಾತು ಬಂತು. 32 ಇಂಚಿಗಿಂತ ದೊಡ್ಡ ಟಿವಿ 28ರಿಂದ 18 ಪರ್ಸೆಂಟ್‌ಗೆ ಇಳಿಯಿತು. ಲ್ಯಾಪ್‌ಟಾಪ್, ಕಂಪ್ಯೂಟರ್ ಮೊದಲೂ 18, ಈಗಲೂ 18. ವಿಡಿಯೊ ನೋಡೋನಿಗೆ ರಿಯಾಯಿತಿ ಸಿಕ್ಕಿತು. ಮಾಡೋಳಿಗೆ ಸಿಗಲಿಲ್ಲ. 2023ರ ಆಗಸ್ಟ್‌ನಲ್ಲಿ ಲ್ಯಾಪ್‌ಟಾಪ್ ಆಮದಿಗೆ ಲೈಸೆನ್ಸ್ ಕಡ್ಡಾಯ ಅಂತ ರಾತ್ರೋರಾತ್ರಿ ಆದೇಶ ಹೊರಡಿಸಿ, ಮರುದಿನವೇ ಮುಂದಕ್ಕೆ ಹಾಕಿದ್ದು ನೆನಪಿರಬಹುದು. ಕೊನೆಗೆ ಅದು ಆನ್‌ಲೈನ್ ಅನುಮತಿ ಪದ್ಧತಿಯಾಗಿ ಮೆತ್ತಗಾಯ್ತು. ಕಂಪ್ಯೂಟರ್ ಅಂದ್ರೆ ಆಮದು ಲೆಕ್ಕದ ಒಂದು ಸಾಲು ಅಂತ ನೋಡುವ ಕಣ್ಣಿಗೆ, ಅದು ಯಾರದೋ ಬಾಯಿ ಕೂಡ ಹೌದು ಅನ್ನೋದು ಕಾಣಲ್ಲ.

ಹಾರ್ಡ್ ಡಿಸ್ಕ್ ಅನ್ನೋ ಸಾಕ್ಷಿ

ಎರಡನೇ ನೆನಪಿಗೆ ಬರ್ತೀನಿ. ರಾಜಕೀಯ ವಿಡಿಯೊ ಮಾಡೋರಿಗೂ ಪ್ರವಾಸದ ವ್ಲಾಗ್ ಮಾಡೋರಿಗೂ ವ್ಯತ್ಯಾಸ ಇರೋದು ಇಲ್ಲೇ. ಅವರಿಗೆ ವಿಡಿಯೊ ಅಪ್‌ಲೋಡ್ ಆದ ಮೇಲೆ ಅಸಲಿ ಫುಟೇಜ್ ಅಳಿಸಿಹಾಕಿದರೆ ನಷ್ಟ ಇಲ್ಲ. ನಿಮಗೆ ಇದೆ. ನೀವು ಒಬ್ಬ ಅಧಿಕಾರಿಯ ಮಾತು ಹಾಕಿದ್ರಿ ಅಂದುಕೊಳ್ಳಿ. ‘ನನ್ನ ಮಾತು ತಿರುಚಿದ್ದಾರೆ, ಇದು ಎಐ ವಿಡಿಯೊ’ ಅಂತ ಅವರು ದೂರು ಕೊಟ್ಟರೆ, ನಿಮ್ಮನ್ನ ಕಾಪಾಡೋದು ಕತ್ತರಿ ಬೀಳದ ಅಸಲಿ ಫೈಲ್ ಮಾತ್ರ. ಅದು ಇಲ್ಲದಿದ್ದರೆ ನಿಮ್ಮ ಬಾಯಿಮಾತು, ಅವರ ಬಾಯಿಮಾತು, ಅಷ್ಟೇ.

2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಸಂಬಂಧಿಸಿದ್ದು. ಹಳೇ ಕಾಯ್ದೆಯ 65ಬಿ ಇದ್ದ ಜಾಗಕ್ಕೆ ಬಂದದ್ದು. ಅದರ ಪ್ರಕಾರ ಕೊಡಬೇಕಾದ ಪ್ರಮಾಣಪತ್ರದ ನಮೂನೆಯಲ್ಲಿ ಫೈಲಿನ ‘ಹ್ಯಾಶ್’ ಬರೆಯೋ ಜಾಗ ಇದೆ. ಹ್ಯಾಶ್ ಅಂದ್ರೆ ಫೈಲಿನ ಬೆರಳಚ್ಚು. ಫೈಲಿನ ಒಂದು ಚುಕ್ಕೆ ಬದಲಾದರೂ ಹ್ಯಾಶ್ ಪೂರ್ತಿ ಬದಲಾಗುತ್ತೆ. ಹೆಸರು ಬದಲಾಯಿಸಿದರೆ ಏನೂ ಆಗಲ್ಲ. ವಾಟ್ಸಾಪ್‌ನಲ್ಲಿ ವಿಡಿಯೊ ಆಗಿ ಕಳಿಸಿ ಮತ್ತೆ ಇಳಿಸಿಕೊಂಡರೆ ಅದು ಬೇರೆಯದೇ ಫೈಲು. ಹ್ಯಾಶ್ ತೆಗೆಯೋಕೆ ದುಡ್ಡು ಬೇಕಿಲ್ಲ. ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್ ಅನ್ನೋ ಆಜ್ಞೆ, ಲಿನಕ್ಸ್‌ನಲ್ಲಿ ಶಾ256ಸಮ್ ಅನ್ನೋ ಆಜ್ಞೆ ಮೊದಲಿಂದಲೂ ಕೂತಿವೆ. ಶೂಟ್ ಮಾಡಿದ ದಿನವೇ ಫೋನಿನಿಂದ ಕೇಬಲ್ ಹಾಕಿ ಫೈಲು ಇಳಿಸಿಕೊಂಡು, ಹ್ಯಾಶ್ ತೆಗೆದು ಒಂದು ಪುಸ್ತಕದಲ್ಲೋ ಇಮೇಲ್‌ನಲ್ಲೋ ಬರೆದಿಡೋದು ರೂಢಿಯಾಗಬೇಕು.

ಜಾಗ ಎಷ್ಟು ಬೇಕಾಗುತ್ತೆ? ಐಫೋನಿನ ಸೆಟ್ಟಿಂಗ್ಸ್‌ನಲ್ಲೇ ಲೆಕ್ಕ ಬರೆದಿದೆ. 1080ಪಿ ಆದರೆ ನಿಮಿಷಕ್ಕೆ ಸುಮಾರು 60 ಎಂಬಿ, 4ಕೆ 30 ಫ್ರೇಮ್ ಆದರೆ ಸುಮಾರು 170 ಎಂಬಿ. ಗಂಟೆಗೆ ಮೂರೂವರೆ ಜಿಬಿ, ಹತ್ತು ಜಿಬಿ ಅಂತಿಟ್ಟುಕೊಳ್ಳಿ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ಸಾವಿರಕ್ಕೂ ಹೆಚ್ಚು ದಿನ ಕೂತರು, 2025ರ ಜುಲೈನಲ್ಲಿ ಸರ್ಕಾರ 1,777 ಎಕರೆ ಭೂಸ್ವಾಧೀನ ಕೈಬಿಡ್ತು. ಅಂಥ ಒಂದು ಹೋರಾಟವನ್ನ ಯಾರಾದರೂ ದಿನಕ್ಕೊಂದೇ ಗಂಟೆ, ಅದೂ 1080ಪಿನಲ್ಲಿ ದಾಖಲಿಸಿದರೂ ಮೂರೂವರೆ ಟಿಬಿ ಆಗುತ್ತೆ. ಎರಡು ಪ್ರತಿ ಇಟ್ಟರೆ ಏಳು. ಯಾವ ಲ್ಯಾಪ್‌ಟಾಪಿನ 512 ಜಿಬಿಯಲ್ಲೂ ಇದು ಹಿಡಿಯಲ್ಲ. ಹೋರಾಟದ ವಿಡಿಯೊಗೆ 4ಕೆ ಬೇಕೇ ಬೇಕು ಅಂತ ಹಟ ಮಾಡೋರಿಗೆ ನನ್ನ ಮಾತು ಇದೇ: ನೋಡೋ ಜನ ಮೊಬೈಲಿನಲ್ಲಿ ನೋಡ್ತಾರೆ. 1080ಪಿನಲ್ಲಿ ಶೂಟ್ ಮಾಡಿ, ಉಳಿದ ದುಡ್ಡಲ್ಲಿ ಒಳ್ಳೆ ಕಾಲರ್ ಮೈಕ್ ತಗೊಳ್ಳಿ. ಚಿತ್ರ ಮಸುಕಾದರೆ ಜನ ಸಹಿಸ್ತಾರೆ. ಮಾತು ಕೇಳದಿದ್ದರೆ ಹತ್ತು ಸೆಕೆಂಡಿಗೆ ಮುಂದಕ್ಕೆ ಹೋಗ್ತಾರೆ.

ಎರಡು ಪ್ರತಿ ಯಾಕೆ? ಹಾರ್ಡ್ ಡಿಸ್ಕ್ ಒಂದಲ್ಲ ಒಂದು ದಿನ ಕೈಕೊಡೋದು ಒಂದು ಕಾರಣ. 2023ರ ಅಕ್ಟೋಬರ್ 3 ಇನ್ನೊಂದು. ದೆಹಲಿ ಪೊಲೀಸರು ನ್ಯೂಸ್‌ಕ್ಲಿಕ್ ಸಂಸ್ಥೆಗೆ ಸಂಬಂಧಿಸಿದ ಹತ್ತಾರು ಪತ್ರಕರ್ತರ ಮನೆಗಳಿಗೆ ಹೋಗಿ ಫೋನು, ಲ್ಯಾಪ್‌ಟಾಪ್ ಹೊತ್ತೊಯ್ದ ದಿನ ಅದು. ಮುಂದಿನ ತಿಂಗಳು ಸುಪ್ರೀಂ ಕೋರ್ಟ್, ಪತ್ರಕರ್ತರ ಸಾಧನಗಳನ್ನ ಜಪ್ತಿ ಮಾಡೋದು ಗಂಭೀರ ವಿಷಯ, ಅದಕ್ಕೆ ಮಾರ್ಗಸೂಚಿ ಬೇಕು ಅಂತ ಕೇಂದ್ರಕ್ಕೆ ಹೇಳಿತು. ತಾಲ್ಲೂಕು ಮಟ್ಟದ ಯೂಟ್ಯೂಬ್ ಹುಡುಗಿಗೆ ಪ್ರೆಸ್ ಕಾರ್ಡೂ ಇರಲ್ಲ, ಕೋರ್ಟಿಗೆ ಹೋಗಲು ವಕೀಲರ ಪಡೆಯೂ ಇರಲ್ಲ. ಅವಳ ಕಂಪ್ಯೂಟರ್ ಒಂದು ದಿನ ಠಾಣೆಯ ಮೂಲೆ ಸೇರಿದರೆ ಎಷ್ಟು ವರ್ಷಕ್ಕೆ ವಾಪಸ್ ಬಂದೀತು ಅಂತ ಹೇಳೋರಿಲ್ಲ. ಎರಡನೇ ಪ್ರತಿ ಬೇರೆ ಮನೆಯಲ್ಲಿ, ನಂಬಿಕೆಯ ಬೇರೆಯವರ ಬಳಿ ಇರಬೇಕು. ಇದು ಸಾಕ್ಷ್ಯ ಬಚ್ಚಿಡೋದಲ್ಲ. ಸಾಕ್ಷ್ಯ ಉಳಿಸೋದು.

ಹಾಗಾದರೆ ಆ ಐವತ್ತು ಸಾವಿರವನ್ನ ಏನು ಮಾಡೋದು? ನನ್ನ ಒಲವು ಹಳೇ ಆಫೀಸ್ ಡೆಸ್ಕ್‌ಟಾಪ್ ಕಡೆಗೆ. ದೊಡ್ಡ ಕಂಪನಿಗಳು ನಾಲ್ಕೈದು ವರ್ಷ ಬಳಸಿ ಬಿಡುವ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಮೆಷಿನ್‌ಗಳು ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಾಲಾಗಿ ಸಿಗ್ತವೆ. ಐಟಿ ಕಂಪನಿಗಳ ಊರಲ್ಲಿರೋದರ ಒಂದು ಲಾಭ ಅಂದ್ರೆ ಇದೇ, ಅವರ ಹಳೇ ಸಾಮಾನು ನಮಗೆ ಸಿಗುತ್ತೆ. ಎಂಟನೇ ತಲೆಮಾರು ಅಥವಾ ಅದರ ನಂತರದ ಐ5 ಇರಬೇಕು. ಕ್ವಿಕ್ ಸಿಂಕ್‌ಗೆ ಅದು ಸಾಕು, ಮೈಕ್ರೋಸಾಫ್ಟ್ ವಿಂಡೋಸ್ 11ಕ್ಕೆ ಒಪ್ಪೋದೂ ಇಂಟೆಲ್‌ನಲ್ಲಿ ಹೆಚ್ಚುಕಮ್ಮಿ ಅಲ್ಲಿಂದಲೇ. ಚೌಕಾಸಿ ಮಾಡಿದರೆ ಹದಿನೈದರಿಂದ ಇಪ್ಪತ್ತು ಸಾವಿರದ ಆಸುಪಾಸು. ರ‍್ಯಾಮ್ ಬೆಲೆ ಹೀಗಿರುವಾಗ ಒಂದು ಉಪಾಯ: 16 ಜಿಬಿ ಮೊದಲೇ ಇರೋ ಮೆಷಿನ್ನನ್ನೇ ಹುಡುಕಿ, ಅದೂ ಎಂಟೆಂಟರ ಎರಡು ಕಡ್ಡಿಯಾಗಿದ್ದರೆ ಒಳ್ಳೇದು. ಖಾಲಿ ಮೆಷಿನ್ ತಂದು ಆಮೇಲೆ ರ‍್ಯಾಮ್ ಹಾಕಿಸಿದರೆ ಕುದುರೆಗಿಂತ ಜೀನು ದುಬಾರಿಯಾಗುತ್ತೆ. ತೀರ ಚಿಕ್ಕ ಪೆಟ್ಟಿಗೆ ಬೇಡ, ಅದರಲ್ಲಿ ಮುಂದೆ ಗ್ರಾಫಿಕ್ಸ್ ಕಾರ್ಡಿಗೂ ಎರಡನೇ ಡಿಸ್ಕಿಗೂ ಜಾಗ ಇರಲ್ಲ. ಡೆಲ್, ಎಚ್‌ಪಿಗಳ ಪವರ್ ಸಪ್ಲೈ ಅವರದೇ ಅಳತೆಯದ್ದು, ಮಾಮೂಲಿ ಅಂಗಡಿಯದ್ದು ಕೂರಲ್ಲ ಅನ್ನೋದೂ ಗೊತ್ತಿರಲಿ. ಉಳಿದ ದುಡ್ಡಲ್ಲಿ ಒಂದು ಎಸ್‌ಎಸ್‌ಡಿ, ಎರಡು ಹಾರ್ಡ್ ಡಿಸ್ಕ್, ಸಾಧಾರಣ ಐಪಿಎಸ್ ಮಾನಿಟರ್, ಒಂದು ಯುಪಿಎಸ್. ಕರೆಂಟ್ ಹೇಳಿ ಕೇಳಿ ಹೋಗದ ಊರಲ್ಲಿ ಯುಪಿಎಸ್ ಕೂಡ ಎಡಿಟಿಂಗ್ ಸಾಧನವೇ.

ಓಡಾಡಿಕೊಂಡೇ ಕೆಲಸ ಮಾಡೋರಿಗೆ ಲ್ಯಾಪ್‌ಟಾಪ್ ಬೇಕೇ ಬೇಕು, ಒಪ್ಪಿದೆ. ಹಾಗಿದ್ದರೆ ರ‍್ಯಾಮ್ ಬೋರ್ಡಿಗೆ ಅಂಟಿಸಿದೆಯೋ, ಖಾಲಿ ಸ್ಲಾಟ್ ಇದೆಯೋ ಅಂತ ಮೊದಲು ಕೇಳಿ. ತೆಳ್ಳಗಿನ ಚಂದದ ಲ್ಯಾಪ್‌ಟಾಪ್‌ಗಳಲ್ಲಿ ಬಹಳಷ್ಟು ಅಂಟಿಸಿದವೇ. ಸ್ಕ್ರೀನಿನ ವಿವರದಲ್ಲಿ ‘45% ಎನ್‌ಟಿಎಸ್‌ಸಿ’ ಅಂತ ಕಂಡರೆ ಬಣ್ಣ ನಂಬೋ ಹಾಗಿಲ್ಲ ಅಂತ ಅರ್ಥ. ಅಲ್ಲಿ ಸರಿ ಮಾಡಿದ ಮುಖದ ಬಣ್ಣ ಫೋನಿನಲ್ಲಿ ಟೊಮೆಟೊ ಥರ ಕಾಣುತ್ತೆ. ಇನ್ನು ಆಪಲ್‌ನ ಮ್ಯಾಕ್ ಮಿನಿ. 2024ರ ಕೊನೆಗೆ ಬಂದ ಎಂ4 ಮಾದರಿ 16 ಜಿಬಿ ರ‍್ಯಾಮ್ ಜೊತೆ 59,900 ರೂ.ಗೆ, ವಿದ್ಯಾರ್ಥಿಗಳಿಗೆ 49,900 ರೂ.ಗೆ ಬಂತು. ಫೋನ್ ವಿಡಿಯೊ ಕತ್ತರಿಸೋಕೆ ಆ ಬೆಲೆಗೆ ಅದಕ್ಕಿಂತ ಚುರುಕಾದ ಹೊಸ ಮೆಷಿನ್ ಇರಲಿಲ್ಲ, ನಿಜ ಹೇಳಬೇಕು. ಆದರೆ ಮಾನಿಟರ್, ಕೀಬೋರ್ಡ್, ಮೌಸ್ ಬೇರೆ, ರ‍್ಯಾಮ್ ಎಂದೆಂದಿಗೂ ಅಷ್ಟೇ, ಒಳಗಿನ ಜಾಗ 256 ಜಿಬಿ. ಕಂಪನಿ ವೇಗ ಕೊಟ್ಟು ನೆನಪನ್ನ ತನ್ನ ಕೈಯಲ್ಲೇ ಇಟ್ಟುಕೊಂಡ ಪೆಟ್ಟಿಗೆ ಅದು.

ಸಾಫ್ಟ್‌ವೇರ್ ವಿಷಯದಲ್ಲಿ ಕನ್ನಡದ್ದೇ ಒಂದು ತಂಟೆ ಇದೆ, ಇಂಗ್ಲಿಷ್ ರಿವ್ಯೂಗಳಲ್ಲಿ ಇದು ಸಿಗಲ್ಲ. ಪ್ರೀಮಿಯರ್‌ನಲ್ಲಿ ‘ರಾಷ್ಟ್ರೀಯ’ ಅಂತ ಟೈಪ್ ಮಾಡಿದರೆ ಒತ್ತಕ್ಷರ ಪಕ್ಕಕ್ಕೆ ಜಾರಿ ಅಕ್ಷರಗಳು ಚೆಲ್ಲಾಪಿಲ್ಲಿಯಾಗೋದನ್ನ ಎಲ್ಲರೂ ನೋಡಿದ್ದಾರೆ. ಅದಕ್ಕೆ ಹೆದರಿಯೇ ಇವತ್ತಿಗೂ ಎಷ್ಟೋ ಜನ ಯೂನಿಕೋಡ್‌ನಲ್ಲಿ ಬರೆದದ್ದನ್ನ ಹಳೇ ನುಡಿ ಅಕ್ಷರಕ್ಕೆ ಪರಿವರ್ತಿಸಿ ಅಂಟಿಸ್ತಾರೆ. ಬೇಕಿಲ್ಲ. ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ವಿಭಾಗದಲ್ಲಿ ‘ಸೌತ್ ಏಷ್ಯನ್ ಆ್ಯಂಡ್ ಮಿಡಲ್ ಈಸ್ಟರ್ನ್’ ಆಯ್ದುಕೊಂಡರೆ ಕನ್ನಡ ಸರಿಯಾಗಿ ಕೂರುತ್ತೆ. ಕೆಡೆನ್‌ಲೈವ್‌ನಲ್ಲಿ ಆ ತಾಪತ್ರಯವೂ ಇಲ್ಲ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತ ಮೇಲೆ ಏಳನೇ ತಲೆಮಾರಿನ ಮೆಷಿನ್‌ಗಳು ಇನ್ನೂ ಅಗ್ಗಕ್ಕೆ ಬರ್ತಿವೆ. ಅವಕ್ಕೆ ಲಿನಕ್ಸ್ ಹಾಕಿ ಕೆಡೆನ್‌ಲೈವ್ ಓಡಿಸಬಹುದು. ರಿಸಾಲ್ವ್ ಮೇಲೆ ಆಸೆ ಇದ್ದರೆ ಮಾತ್ರ ಎಚ್ಚರ: ಅದರ ಉಚಿತ ಆವೃತ್ತಿಗೆ ಲಿನಕ್ಸ್‌ನಲ್ಲಿ ಫೋನಿನ ಎಚ್.264 ವಿಡಿಯೊ ತೆರೆಯೋಕೆ ಬರಲ್ಲ.

ಇಷ್ಟಾದರೂ ಇಪ್ಪತ್ತು ಸಾವಿರವೂ ಇಲ್ಲದವರೇ ಹೆಚ್ಚು. ಕಿಯೋನಿಕ್ಸ್ 2025ರ ನವೆಂಬರ್‌ನ ಬೆಂಗಳೂರು ಟೆಕ್ ಸಮಿಟ್‌ನಲ್ಲಿ ‘ಕಿಯೋ’ ಅನ್ನೋ ಪುಟ್ಟ ಕಂಪ್ಯೂಟರ್ ತಂದಿತು. ಬೆಲೆ 18,999 ರೂ., ಲಿನಕ್ಸ್ ಆಧಾರಿತ, ಯಾರ ಲೈಸೆನ್ಸ್ ಹಂಗೂ ಇಲ್ಲದ ರಿಸ್ಕ್-ಫೈವ್ ವಿನ್ಯಾಸದ ಪ್ರೊಸೆಸರ್. ಸರ್ಕಾರವೊಂದು ಇಂಥ ಸಾಹಸ ಮಾಡಿದ್ದನ್ನ ನಾನು ಮೆಚ್ಚುತ್ತೇನೆ. ಆದರೆ ಅದರ ಕಲ್ಪನೆಯಲ್ಲಿರೋ ಬಳಕೆದಾರ ಪಾಠ ಓದುವ, ಆನ್‌ಲೈನ್ ಕ್ಲಾಸ್ ಕೇಳುವ ವಿದ್ಯಾರ್ಥಿ. ಪ್ರೀಮಿಯರ್ ಆಗಲಿ, ರಿಸಾಲ್ವ್ ಆಗಲಿ ಆ ಬಗೆಯ ಪ್ರೊಸೆಸರ್‌ಗೆ ಲಭ್ಯ ಇಲ್ಲ. ಹಳ್ಳಿಯ ಹುಡುಗಿ ಡಿಜಿಟಲ್ ಲೋಕದಲ್ಲಿ ನೋಡಬೇಕು, ಕಲಿಯಬೇಕು ಅನ್ನೋವರೆಗೆ ನಮ್ಮ ಯೋಜನೆಗಳು ಬಂದಿವೆ. ಅವಳು ಏನನ್ನಾದರೂ ಮಾಡಿ ಹೊರಗೆ ಹಾಕಬೇಕು ಅನ್ನೋವರೆಗೆ ಬಂದಿಲ್ಲ.

ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ಐದು ಸಾವಿರಕ್ಕೂ ಹೆಚ್ಚು ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ ಆಗಿವೆ. ಕಟ್ಟಡ ಇದೆ, ಕರೆಂಟ್ ಇದೆ, ಬಹಳ ಕಡೆ ಇಂಟರ್‌ನೆಟ್ಟೂ ಕಂಪ್ಯೂಟರೂ ಇವೆ. ಎಲ್ಲ ಕಡೆ ಬೇಡ, ಹೋಬಳಿಗೊಂದು ಕೇಂದ್ರದಲ್ಲಿ 32 ಜಿಬಿ ರ‍್ಯಾಮಿನ ಒಂದು ಡೆಸ್ಕ್‌ಟಾಪ್, ಲಾಕರ್‌ನಲ್ಲಿ ಹಾರ್ಡ್ ಡಿಸ್ಕ್‌ಗಳು, ಗಂಟೆ ಲೆಕ್ಕದ ರಿಜಿಸ್ಟರ್, ಪ್ರಾಕ್ಸಿ ಮತ್ತು ಹ್ಯಾಶ್ ಗೊತ್ತಿರೋ ಒಬ್ಬ ಮೇಲ್ವಿಚಾರಕ. ಕೊಳ್ಳೋದು ಸರ್ಕಾರವಾದರೆ ಸಗಟು ಟೆಂಡರ್‌ನಲ್ಲಿ ರ‍್ಯಾಮ್ ದೊಡ್ಡ ಗಿರಾಕಿಯ ಬೆಲೆಗೆ ಸಿಗುತ್ತೆ, ನಮ್ಮ ನಿಮ್ಮ ಹಾಗೆ ಒಂದು ಕಡ್ಡಿಗೆ ಚೌಕಾಸಿ ಮಾಡಬೇಕಿಲ್ಲ. ಪಂಚಾಯಿತಿಯ ಕಂಪ್ಯೂಟರಿನಲ್ಲಿ ಪಂಚಾಯಿತಿ ಅಧ್ಯಕ್ಷರ ಮೇಲಿನ ವಿಡಿಯೊ ಎಡಿಟ್ ಮಾಡೋಕೆ ಬಿಡ್ತಾರಾ ಅಂತ ನೀವು ನಗಬಹುದು. ನ್ಯಾಯವಾದ ಸಂಶಯ. ಅದಕ್ಕೇ ಆ ರಿಜಿಸ್ಟರ್‌ನಲ್ಲಿ ಹೆಸರು, ಸಮಯ ಎರಡೇ ಕಾಲಂ ಇರಬೇಕು. ‘ಯಾವ ವಿಡಿಯೊ’ ಅಂತ ಕೇಳೋ ಮೂರನೇ ಕಾಲಂ ಇರಬಾರದು.